ಆಡಿದ ಮಾತನ್ನು ಹಿಂದಕ್ಕೆ ತರಲು ಹೊರಟವಳು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕೋಣೆಯಲ್ಲಿ, ಅವಳು ಇಪ್ಪತ್ತಾರು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಹರಿದ ಹೊದಿಕೆಗೆ ತೇಪೆ ಹಾಕುವುದು, ರೋಗಿಗಳ ನಿಲುವಂಗಿಗೆ ಕಿತ್ತುಹೋದ ಕಟ್ಟುದಾರ ಹೊಲಿಯುವುದು, ಆಪರೇಷನ್ ಕೋಣೆಯ ಹಸಿರು ಬಟ್ಟೆಗೆ ಅಂಚು ಮಡಿಸುವುದು, ಇಷ್ಟೇ ಅವಳ ಕೆಲಸ. ರೋಗಿಯ ಮುಖ ಕಾಣುತ್ತಿದ್ದದ್ದೇ ಅಪರೂಪ. ಆದರೂ ಅವಳ ಬೀದಿಯವರಿಗೆ ಆಸ್ಪತ್ರೆಯಲ್ಲಿರುವವಳು ಅಂದರೆ ಕಾಯಿಲೆ ಗೊತ್ತಿರುವವಳು. ಯಾರಿಗೆ ಕೆಮ್ಮು ಬಂದರೂ, ಯಾರ ಮೊಣಕಾಲು ಹಿಡಿದುಕೊಂಡರೂ ಮೊದಲು ತಟ್ಟುತ್ತಿದ್ದದ್ದು ಅವಳ ಬಾಗಿಲು. 'ಅರ್ಧ ಡಾಕ್ಟ್ರು' ಅಂತ ತಮಾಷೆಗೆ ಶುರುವಾದ ಹೆಸರು. ವರ್ಷ ಕಳೆದಂತೆ ತಮಾಷೆ ಉದುರಿ ಹೆಸರು ಮಾತ್ರ ಉಳಿಯಿತು. ಅದು ಅವಳಿಗೂ ಒಳಗೊಳಗೇ ಹಿತವಾಗಿತ್ತು.

ಅವಳಿಗಿದ್ದದ್ದು ಒಬ್ಬಳೇ ತಂಗಿ. ತಾಯಿ ಹೋದಾಗ ತಂಗಿಗೆ ಒಂಬತ್ತು, ಇವಳಿಗೆ ಹತ್ತೊಂಬತ್ತು. ಜಡೆ ಹಾಕಿದ್ದು, ಶಾಲೆಗೆ ಕಳಿಸಿದ್ದು, ಬಸ್ ಡ್ರೈವರನಿಗೆ ಕೊಟ್ಟು ಮದುವೆ ಮಾಡಿದ್ದು ಎಲ್ಲ ಅಕ್ಕನೇ. ಹಾಗಾಗಿ ಅಕ್ಕ ಹಾಕಿದ ಗೆರೆಯನ್ನು ತಂಗಿ ದಾಟಿದವಳಲ್ಲ. ನಲವತ್ತೈದು ತುಂಬಿದ ಮೇಲೂ, ಬ್ರೆಡ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಹನ್ನೆರಡು ಹೆಂಗಸರ ಮೇಲೆ ಮೇಲ್ವಿಚಾರಕಿಯಾದ ಮೇಲೂ, ಏನಾದರೂ ಆದರೆ ಅಕ್ಕನನ್ನೇ ಕೇಳುತ್ತಿದ್ದಳು.

ಒಮ್ಮೆ ಕಾರ್ಖಾನೆಯಲ್ಲಿ ಎಲ್ಲರನ್ನೂ ಪರೀಕ್ಷೆ ಮಾಡಿದಾಗ ತಂಗಿಯ ಬಿಪಿ ನೂರ ಎಪ್ಪತ್ತರ ಮೇಲಿತ್ತು. ವೈದ್ಯರು ಮಾತ್ರೆ ಬರೆದುಕೊಟ್ಟರು. ಒಂದೂವರೆ ತಿಂಗಳು ತಪ್ಪದೆ ನುಂಗಿದ ಮೇಲೆ ನೋಡಿದರೆ ನೂರ ಇಪ್ಪತ್ತೆಂಟು. ಅಷ್ಟರಲ್ಲಿ ಮಾತ್ರೆಯೂ ಮುಗಿದಿತ್ತು. ಮತ್ತೆ ತರಬೇಕೋ ಬೇಡವೋ ಎಂದು ಕೇಳಲು ಅವಳು ಒಂದು ಭಾನುವಾರ ಅಕ್ಕನ ಮನೆಗೆ ಬಂದಳು.

ಅಕ್ಕ ಬಿಪಿ ಬರೆದಿದ್ದ ಚೀಟಿ ನೋಡಿದಳು. ಸಂಖ್ಯೆ ಸರಿಯಾಗಿತ್ತು. "ವಾಸಿ ಆಯ್ತಲ್ಲ, ಇನ್ಯಾಕೆ ನುಂಗ್ತೀಯ? ಸುಮ್ನೆ ನುಂಗ್ತಾ ಹೋದ್ರೆ ದೇಹಕ್ಕೆ ಅದೇ ಅಭ್ಯಾಸ ಆಗ್ಬಿಡತ್ತೆ. ತಲೆ ಭಾರ ಅನ್ಸಿದ ದಿನ ಒಂದು ತಗೋ, ಸಾಕು. ನಾನೂ ಹಾಗೇ ಮಾಡೋದು," ಎಂದಳು.

ಅದು ಸುಳ್ಳಾಗಿರಲಿಲ್ಲ. ಅವಳಿಗೂ ಬಿಪಿ ಇತ್ತು. ಕತ್ತು ಬಿಗಿದರೆ ಒಂದು ಮಾತ್ರೆ, ಇಲ್ಲದಿದ್ದರೆ ಇಲ್ಲ. ಆರು ವರ್ಷದಿಂದ ಹಾಗೇ ನಡೆದಿತ್ತು, ಏನೂ ಆಗಿರಲಿಲ್ಲ. ಏನೂ ಆಗದೆ ಇರುವುದನ್ನೇ ಅವಳು ಆರೋಗ್ಯ ಎಂದುಕೊಂಡಿದ್ದಳು.

ಎಂಟು ತಿಂಗಳ ನಂತರ, ಒಂದು ಬೆಳಿಗ್ಗೆ ಹತ್ತೂವರೆಗೆ, ಪ್ಯಾಕಿಂಗ್ ಮೇಜಿನ ಮುಂದೆ ತಂಗಿಯ ಬಲಗೈಯಿಂದ ಬ್ರೆಡ್ ಪೊಟ್ಟಣ ಜಾರಿ ಬಿತ್ತು. ಎತ್ತಲು ಬಗ್ಗಿದವಳು ಮತ್ತೆ ಏಳಲಿಲ್ಲ. ಅವಳನ್ನು ತಂದದ್ದು ಅಕ್ಕನ ಆಸ್ಪತ್ರೆಗೇ. ಮೇಲಿಂದ ಯಾರೋ ಓಡಿಬಂದು ಹೇಳಿದಾಗ ಅಕ್ಕ ಯಂತ್ರದ ಸೂಜಿಯಡಿ ಸಿಕ್ಕಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಮೆಟ್ಟಿಲು ಹತ್ತಿದಳು.

ತಂಗಿಯ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಕಣ್ಣುಗಳು ಅಕ್ಕನನ್ನು ಗುರುತಿಸಿದವು, ಮಾತು ಹೊರಡಲಿಲ್ಲ. ಬಿಪಿ ಏರಿ ಮಿದುಳಿನಲ್ಲಿ ರಕ್ತನಾಳ ಒಡೆದಿದೆ ಎಂದು ಹೇಳಿದ ಡಾಕ್ಟರಮ್ಮ, ಮೊದಲೇ ಬಿಪಿ ಇತ್ತೇ, ಮಾತ್ರೆ ತೆಗೆದುಕೊಳ್ಳುತ್ತಿದ್ದರೇ ಎಂದು ಕೇಳಿದರು. ತಂಗಿಯ ಗಂಡ ಡ್ರೈವರ್, ಮೊದಲು ತಗೊಳ್ತಿದ್ದಳು, ಆಮೇಲೆ ನಿಲ್ಲಿಸಿದಳು ಎಂದ. ಯಾರು ನಿಲ್ಲಿಸಲು ಹೇಳಿದ್ದು ಎಂದು ಡಾಕ್ಟರಮ್ಮ ಅಕ್ಕನತ್ತ ತಿರುಗಿದರು.

"ಗೊತ್ತಿಲ್ಲ," ಎಂದಳು ಅಕ್ಕ.

ಡ್ರೈವರ್ ಅವಳ ಮುಖ ನೋಡಿದ.

ತಂಗಿಯ ಜೀವ ಉಳಿಯಿತು. ಬಲಗೈ, ಬಲಗಾಲು, ಮಾತು ಮೂರೂ ಅರ್ಧಕ್ಕರ್ಧ ಹೋದವು. ಅಕ್ಕ ಹೊಲಿಗೆ ಕೋಣೆಗೂ ವಾರ್ಡಿಗೂ ಓಡಾಡಿದಳು. ಆ 'ಗೊತ್ತಿಲ್ಲ' ಮಾತ್ರ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿತ್ತು, ಉಗುಳಲೂ ಆಗದು, ನುಂಗಲೂ ಆಗದು.

ನಾಲ್ಕನೆಯ ದಿನ ವಾರ್ಡಿನ ಬಾಗಿಲಲ್ಲಿ ಅವಳು ಗೋಡೆ ಹಿಡಿದು ನಿಂತದ್ದನ್ನು ಕಂಡು ಹಿರಿಯ ನರ್ಸ್ ಕೂರಿಸಿ ಬಿಪಿ ನೋಡಿದಳು. ನೂರ ಎಂಬತ್ತಾರು, ಕೆಳಗಿನದು ನೂರ ಎಂಟು. ಅಕ್ಕ, ತಲೆಯೇ ನೋಯುತ್ತಿಲ್ಲವಲ್ಲ ಎಂದಳು.

"ಅದು ನೋಯಲ್ಲ ಅಕ್ಕ. ಅದೇ ಅದರ ಕೆಟ್ಟತನ," ಎಂದಳು ನರ್ಸ್.

ಅಲ್ಲಿ, ರೋಗಿಗಳ ಓಡಾಟದ ನಡುವೆ, ಒಂದು ಸ್ಟೂಲಿನ ಮೇಲೆ ಕೂತು, ಅಕ್ಕ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಕೇಳಿದಳು: ಈ ಮೇಲಿನ ಸಂಖ್ಯೆ ಅಂದರೇನು, ಕೆಳಗಿನದು ಏನು? ಹೃದಯ ಹಿಂಡಿದಾಗಿನ ಒತ್ತಡ ಮೇಲಿನದು, ಬಿಡುವಿನಲ್ಲಿರುವಾಗಿನದು ಕೆಳಗಿನದು ಎಂದು ನರ್ಸ್ ಬಿಡಿಸಿ ಹೇಳಿದಳು. ಮಾತ್ರೆ ಕಾಯಿಲೆಯನ್ನು ಕಿತ್ತುಹಾಕುವುದಿಲ್ಲ, ಹಿಡಿದಿಡುತ್ತದೆ, ಅಷ್ಟೆ. ಸಂಖ್ಯೆ ಇಳಿದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದು ಅರ್ಥವೇ ಹೊರತು ಇನ್ನು ಬೇಡ ಎಂದಲ್ಲ. ನಿಲ್ಲಿಸುವುದು, ಬದಲಾಯಿಸುವುದು ಏನಿದ್ದರೂ ಡಾಕ್ಟರನ್ನು ಕೇಳಿಯೇ. ಇಷ್ಟು ಹೇಳಿ ನರ್ಸ್ ಎದ್ದುಹೋಗಲಿಲ್ಲ. "ಈಗ ನೀವು ನನಗೆ ಹೇಳಿ. ನಾನು ಸರಿಯಾಗಿ ಹೇಳಿದ್ನೋ ಇಲ್ವೋ ನೋಡ್ಬೇಕು," ಎಂದಳು.

ಅಕ್ಕ ಎರಡು ಸಲ ತಪ್ಪಿದಳು. "ಕಮ್ಮಿ ಆದ ಮೇಲೆ..." ಎಂದು ಶುರುಮಾಡಿ ನಾಲಿಗೆ ಹಳೆಯ ಜಾಡಿಗೇ ಹೋಯಿತು. ಮೂರನೆಯ ಸಲ ಸರಿಯಾಗಿ ಹೇಳಿದಳು. ಹೇಳಿ ಮುಗಿಸಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನರ್ಸಿಗೆ ಯಾಕೆಂದು ತಿಳಿಯಲಿಲ್ಲ, ತಂಗಿಯ ಸಂಕಟಕ್ಕೆ ಎಂದುಕೊಂಡಳು.

ಅಂದು ಸಂಜೆಯೇ ಅವಳು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದ ಡ್ರೈವರನ ಪಕ್ಕ ಕೂತು, ನಿಲ್ಲಿಸು ಅಂದದ್ದು ನಾನೇ ಎಂದಳು. ಅವನಿಗೆ ಗೊತ್ತಿತ್ತು. ಹೆಂಡತಿ ಆ ಭಾನುವಾರವೇ ಬಂದು ಹೇಳಿದ್ದಳು. ಒಂದು ತಾಪತ್ರಯ ಕಳೆಯಿತು ಎಂದು ಅವನೂ ಸುಮ್ಮನಾಗಿದ್ದ.

"ನಿಮ್ಮನ್ನೊಬ್ರನ್ನೇ ಬಯ್ಯಕ್ಕಾಗಲ್ಲ ಅತ್ತಿಗೆ. ಆದ್ರೆ ಅವತ್ತು ಡಾಕ್ಟ್ರ ಮುಂದೆ ಗೊತ್ತಿಲ್ಲ ಅಂದ್ರಲ್ಲ, ಅದು..." ಎಂದು ನಿಲ್ಲಿಸಿದ. ಆಮೇಲೆ ನೆಲ ನೋಡುತ್ತ, "ಸ್ವಲ್ಪ ದಿನ ಮನೆ ಕಡೆ ಬರ್ಬೇಡಿ," ಎಂದ.

ಅವಳು ಹೋಗಲಿಲ್ಲ. ತಂಗಿಯನ್ನು ಮನೆಗೆ ಕರೆದುಕೊಂಡು ಹೋದ ದಿನವೂ ನೆಲಮಾಳಿಗೆಯಲ್ಲೇ ಇದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಅವಳು ಊರಿಗೆಲ್ಲ ಹೇಳಿದವಳು. ಈಗ ಆಡಿದ ಮಾತು ಇನ್ನೂ ಎಲ್ಲೆಲ್ಲಿ ಹೋಗಿ ಕೂತಿದೆಯೋ ಎಂಬ ದಿಗಿಲು ಹತ್ತಿತು. ಹೊಲಿಯುತ್ತ ಹೊಲಿಯುತ್ತ ನೆನಪು ಮಾಡಿಕೊಂಡಳು. ಬಿಪಿ ಮಾತ್ರೆ ಬಗ್ಗೆ ತಾನು ಬುದ್ಧಿ ಹೇಳಿದವರು ತಂಗಿಯನ್ನು ಬಿಟ್ಟರೆ ಏಳು ಜನ.

ಒಬ್ಬೊಬ್ಬರ ಮನೆಗೂ ಹೋದಳು. ಬಾಗಿಲಲ್ಲೇ ನಿಂತು, ನಾನು ಹೇಳಿದ್ದು ತಪ್ಪು, ನನ್ನ ಮಾತು ಕೇಳಿ ನನ್ನ ತಂಗಿಗೆ ಹೀಗಾಯಿತು ಎಂದಳು. ಕ್ಷೌರದಂಗಡಿಯವನು ಕತ್ತರಿ ಕೆಳಗಿಟ್ಟು ಕೇಳಿಸಿಕೊಂಡ, ಮರುದಿನವೇ ಅವಳ ಜೊತೆ ಆಸ್ಪತ್ರೆಗೆ ಬಂದ. ಕೊಡೆ ರಿಪೇರಿಯವನ ಹೆಂಡತಿ, ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ರೇಗಿದಳು. ಮೂಲೆಮನೆಯ ಮೇಷ್ಟ್ರು ಮಾತ್ರ ನಕ್ಕುಬಿಟ್ಟರು. "ನಿನ್ನ ಮಾತು ಯಾರಮ್ಮ ಕೇಳಿದ್ದು? ನೀನು ಬೇಜಾರು ಮಾಡ್ಕೋಬಾರ್ದು ಅಂತ ಹೂಂ ಅಂದೆ. ನಾನು ದಿನಾ ನುಂಗ್ತಾನೇ ಇದೀನಿ," ಎಂದರು. ಎಷ್ಟೋ ದಿನದ ಮೇಲೆ ಅವಳಿಗೂ ನಗು ಬಂತು. ಏಳನೆಯ ಮನೆಗೆ ಬೀಗ ಹಾಕಿತ್ತು. ಅವರು ಬೇರೆ ಊರಿಗೆ ಹೋಗಿ ವರ್ಷವಾಗಿತ್ತು, ವಿಳಾಸ ಯಾರ ಬಳಿಯೂ ಇರಲಿಲ್ಲ. ಆ ಮನೆಯಲ್ಲಿದ್ದ ಟೈಪಿಸ್ಟ್ ಹೆಂಗಸಿನ ಯೋಚನೆ ಅವಳನ್ನು ಇವತ್ತಿಗೂ ಬಿಟ್ಟಿಲ್ಲ.

ಎರಡು ತಿಂಗಳು ಕಳೆದ ಮೇಲೆ ಡ್ರೈವರ್ ಹೊಲಿಗೆ ಕೋಣೆಯ ಬಾಗಿಲಿಗೆ ಬಂದು ನಿಂತ. ದಿನಾ ನಿಮ್ಮನ್ನು ಕೇಳುತ್ತಾಳೆ, ಬನ್ನಿ ಎಂದಷ್ಟೇ ಹೇಳಿದ.

ತಂಗಿ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದಳು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಅಕ್ಕ ಅವಳ ಕಾಲ ಬಳಿ ನೆಲದ ಮೇಲೆ ಕೂತು, ತಾನು ಮಾಡಿದ್ದನ್ನೂ ಡಾಕ್ಟರಮ್ಮನ ಮುಂದೆ ಆಡಿದ್ದನ್ನೂ ಒಂದೂ ಬಿಡದೆ ಹೇಳಿದಳು. ತಂಗಿಯ ಕಣ್ಣಲ್ಲಿ ಸಿಟ್ಟು ಕಾಣಿಸಿತು. ಅದು ಬೇಗ ಹೋಗಲಿಲ್ಲ, ಹೋಗಲಿ ಎಂದು ಅಕ್ಕನೂ ಕೇಳಿಕೊಳ್ಳಲಿಲ್ಲ. ತುಂಬ ಹೊತ್ತಾದ ಮೇಲೆ ತಂಗಿ ಎಡಗೈಯಿಂದ ಅವಳ ಹೆಗಲು ಮುಟ್ಟಿ, ಒಂದೊಂದೇ ಅಕ್ಷರವನ್ನು ಬಾಯಿಂದ ಎಳೆದು ತರುವವಳಂತೆ ಕೇಳಿದಳು:

"ನೀನು... ಇವತ್ತು... ತಗೊಂಡ್ಯಾ?"

"ಬೆಳಿಗ್ಗೆನೇ ತಗೊಂಡೆ. ದಿನಾ ತಗೋತೀನಿ," ಎಂದಳು ಅಕ್ಕ.

ತಂಗಿ ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದಳು. ಅಕ್ಕ ಎದ್ದು ಬಾಚಣಿಗೆ ತಂದು, ಅವಳ ಹಿಂದೆ ನಿಂತು, ಸಿಕ್ಕುಗಟ್ಟಿದ್ದ ಕೂದಲನ್ನು ಬಿಡಿಸತೊಡಗಿದಳು.