ನಾಣಿ ಸೊನ್ನೆಗೆ ತಿರುಗಿಸಿದ್ದು

ಆ ಶನಿವಾರ ಬೆಳಿಗ್ಗೆ ನಾಣಿಗೆ ತಿಂಡಿ ಗಂಟಲಲ್ಲಿ ಇಳಿಯಲಿಲ್ಲ. ತಟ್ಟೆಯ ಉಪ್ಪಿಟ್ಟನ್ನು ಗುಡ್ಡೆ ಮಾಡುತ್ತ, ಕೆಡವುತ್ತ ಕೂತ ಗಂಡನನ್ನು ನೋಡಿ ರಮಾಮಣಿಗೆ ನಗು ಬಂತು.

"ನಿಮ್ಮ ಬ್ಯಾಂಡಿನ ಲೈವ್ ಆಲ್ಬಂ ಬರ್ತಿದೆ ಅಂತ ಬಿಲ್ಡಿಂಗಿಗೆ ಬಿಲ್ಡಿಂಗೇ ಕುಣೀತಿದೆ. ನೀವು ನೋಡಿದ್ರೆ ಹಲ್ಲು ಕೀಳಿಸ್ಕೊಳ್ಳೋಕೆ ಹೊರಟವರ ಹಾಗೆ ಕೂತಿದ್ದೀರಲ್ಲ!"

ನಾಣಿ ಹೂಂಗುಟ್ಟಿದ. ಪಾಪ, ಏನು ಹೇಳಿಯಾನು? ಇವತ್ತು ತನ್ನ ಮಾನ ಹೋಗುತ್ತದೆ ಎಂದು ಹೆಂಡತಿಗೆ ಹೇಳಿ ಹೊರಡುವವರುಂಟೆ?

ಮೈಸೂರಿನಿಂದ ಬಂದರಿನ ಕಚೇರಿಯ ಗುಮಾಸ್ತಗಿರಿಗೆ ಬಂದ ಅಪ್ಪನ ಜೊತೆ ಕೂಸಾಗಿ ವಡಾಲಕ್ಕೆ ಬಂದವನು ನಾಣಿ. ಅಮ್ಮ ವೀಣೆ ಕಲಿಯೋ ಎಂದು ಗೋಗರೆದರೆ ಇವನು ಗ್ರಾಂಟ್ ರೋಡಿನ ಹಳೇ ಸಾಮಾನಿನ ಅಂಗಡಿಯಿಂದ ಗಿಟಾರು ಹೊತ್ತು ತಂದ. ಅದೇ ರಸ್ತೆಯ ಉಡುಪಿ ಹೋಟೆಲಿನವರ ಮಗ ದೇವಾನಂದ ಕಾಲೇಜಿನ ಗೆಳೆಯ. ಹೋಟೆಲಿನ ಮೇಲಿನ ಕೋಣೆಯಲ್ಲಿ, ಕೆಳಗಿನ ಒಗ್ಗರಣೆಯ ಘಾಟಿಗೆ ಸೀನುತ್ತ, 'ಡಾಕ್ ಗೇಟ್' ಎಂಬ ರಾಕ್ ಬ್ಯಾಂಡು ಕಟ್ಟಿದರು. ದೇವಾನಂದ ಹಾಡುಗಾರ, ಸುಹಾಸ ಡ್ರಮ್ಸಿಗೆ. ನಾಣಿಯದು ರಿದಂ ಗಿಟಾರು. ಮುಂದೆ ನಿಂತು ಮೆರೆಯುವವರು ಬೇರೆ. ಇವನು ಹಿಂದೆ ನಿಂತು ಹಾಡನ್ನು ಹೊರುವವನು.

ಹೊಟ್ಟೆಪಾಡಿಗೆ ವಿಮಾ ಕಂಪನಿಯಲ್ಲಿ ದುಡಿದು ನಿವೃತ್ತನಾದ. ಅಲ್ಲಿನವರಿಗೆ ಅವನ ಹೆಸರು ನೆನಪಿರುವುದೂ ಅನುಮಾನ. ಆದರೆ ಮಾಟುಂಗಾದಲ್ಲಿ ತರಕಾರಿ ಆರಿಸುವಾಗ ಯಾರೋ ನರೆಗೂದಲಿನವರು ಹತ್ತಿರ ಬಂದು, "ನೀವು ಡಾಕ್ ಗೇಟ್ ನಾಣಿ ಅಲ್ವಾ?" ಎಂದರೆ ಸಾಕು, ಕೈಯಲ್ಲಿ ಬದನೇಕಾಯಿ ಹಿಡಿದೇ ಉಬ್ಬಿಹೋಗುತ್ತಿದ್ದ. ಅವನ ಬದುಕಿನ ಬಂಡವಾಳ ಅದೊಂದೇ ನೋಡಿ.

ಅರವತ್ತು ದಾಟಿದ ಮೇಲೆ ಎಡಗೈ ಬೆರಳುಗಳು ಮೊಂಡು ಹೂಡಿದವು. ಬೆಳಿಗ್ಗೆ ಎದ್ದರೆ ಕಾಫಿ ಫಿಲ್ಟರಿನ ಮುಚ್ಚಳ ಬಿಚ್ಚಲಾಗದು. ಡಾಕ್ಟರು ಸಂಧಿವಾತ ಎಂದರು, ಗುಳಿಗೆ ಬರೆದರು. ನಿಧಾನದ ಹಾಡುಗಳನ್ನು ಹೇಗೋ ನುಡಿಸುತ್ತಿದ್ದ. ಎಲ್ಲ ತಂತಿಗಳನ್ನೂ ಬಿಗಿಯಾಗಿ ಒತ್ತಬೇಕಾದ ಜೋರು ಹಾಡು ಬಂದರೆ ಬೆರಳು ಜಾರಿ ಅಪಸ್ವರ ಹೊರಡುತ್ತಿತ್ತು. ಒಂದು ಕಾರ್ಯಕ್ರಮದಲ್ಲಿ ಹಾಗಾದಾಗ ಗಾಬರಿಬಿದ್ದು ಗಿಟಾರಿನ ಮೈಮೇಲಿರುವ ವಾಲ್ಯೂಮ್ ತಿರುಪನ್ನು ಸೊನ್ನೆಗೆ ಇಳಿಸಿಬಿಟ್ಟ. ಯಾರೂ ತಿರುಗಿ ನೋಡಲಿಲ್ಲ. ಮುಂದಿನ ಸಲವೂ ಇಳಿಸಿದ. ಆಮೇಲೆ ಅದೇ ರೂಢಿಯಾಯಿತು. ಸದ್ದಿಲ್ಲದ ಗಿಟಾರು ಹಿಡಿದು ತಲೆಯಾಡಿಸುವುದೇನು, ಕಣ್ಣು ಮುಚ್ಚಿ ಮೈಮರೆಯುವುದೇನು! ಮೂರು ವರ್ಷ ಈ ನಾಟಕ ನಡೆಯಿತು. ರಮಾಮಣಿಗೆ ಬೆರಳಿನ ನೋವು ಗೊತ್ತಿತ್ತು, ನಾಟಕ ಗೊತ್ತಿರಲಿಲ್ಲ.

ಆಲ್ಬಮ್ಮಿಗಾಗಿ ಕಾರ್ಯಕ್ರಮ ರೆಕಾರ್ಡ್ ಮಾಡುವ ದಿನ ವೇದಿಕೆ ಹತ್ತಿದಾಗಲೇ ಅವನ ಜೀವ ಬಾಯಿಗೆ ಬಂದದ್ದು. ಒಬ್ಬೊಬ್ಬರ ವಾದ್ಯಕ್ಕೂ ಒಂದೊಂದು ಕೇಬಲ್ ಎಳೆದಿದ್ದರು. ಯಾರು ನುಡಿಸಿದ್ದನ್ನು ಬೇಕಾದರೂ ಆಮೇಲೆ ಬೇರೆಯಾಗಿ ಕೇಳಬಹುದಂತೆ. ಇವತ್ತಾದರೂ ನಿಜವಾಗಿ ನುಡಿಸೋಣವೆಂದುಕೊಂಡ. ಜೋರು ಹಾಡು ಬಂತು. ಅಪಸ್ವರ ರೆಕಾರ್ಡಿನಲ್ಲಿ ಶಾಶ್ವತವಾಗಿ ಉಳಿದರೆ ಎಂಬ ಹೆದರಿಕೆಗೆ ಬಲಗೈ ತಾನಾಗಿ ತಿರುಪಿಗೆ ಹೋಯಿತು.

ಅದನ್ನೆಲ್ಲ ಕೇಳಿ ಒಪ್ಪಲು ಇವತ್ತು ಪವಾಯಿಯ ಸ್ಟುಡಿಯೋಗೆ ಬರಬೇಕೆಂದು ದೇವಾನಂದನ ಫೋನು ಬಂದಿತ್ತು. ಸ್ಟುಡಿಯೋ ದೇವಾನಂದನ ಮಗಳು ಸಾಧನಾಳದು, ಆವತ್ತು ರೆಕಾರ್ಡ್ ಮಾಡಿದವಳೂ ಅವಳೇ. ಲೋಕಲ್ ರೈಲಿನಲ್ಲಿ ಕುರ್ಲಾಕ್ಕೆ ಬಂದು ರಿಕ್ಷಾ ಹಿಡಿಯುವ ಹೊತ್ತಿಗೆ ನಾಣಿಯ ಅಂಗಿ ಬೆನ್ನಿಗೆ ಅಂಟಿತ್ತು. ಹೊಟ್ಟೆನೋವೆಂದು ಹೇಳಿ ಹಿಂತಿರುಗಿಬಿಡಲೇ ಎಂದುಕೊಂಡ. ತಾನಿಲ್ಲದಾಗ ಎಲ್ಲರೂ ಸೇರಿ ಕೇಳಿಬಿಟ್ಟರೆ? ಅದು ಇನ್ನೂ ಘೋರ.

"ಬನ್ನಿ ನಾಣಿ ಅಂಕಲ್, ಬೈಠೋ ಬೈಠೋ," ಎಂದಳು ಸಾಧನಾ. ದೇವಾನಂದ, ಸುಹಾಸ ಆಗಲೇ ಕೂತಿದ್ದರು. ಮೊದಲ ಹಾಡು ಮುಗಿಯಿತು, ಎರಡನೆಯದು ಮುಗಿಯಿತು. ಆಮೇಲೆ ಆ ಜೋರು ಹಾಡು ಶುರುವಾಯಿತು. ನಾಣಿಯ ಎದೆ ಸುಹಾಸನ ಡ್ರಮ್ಮಿಗಿಂತ ಜೋರಾಗಿ ಬಡಿಯಿತು. ನಿನ್ನ ಗಿಟಾರೆಲ್ಲಿ ಎಂದು ಈಗ ಕೇಳುತ್ತಾರೆ, ಇನ್ನೇನು ಕೇಳಿಯೇ ಬಿಡುತ್ತಾರೆ ಎಂದು ಕುರ್ಚಿಯ ಕೈ ಹಿಡಿದು ಕೂತ. ಹಾಡು ಮುಗಿದು ಚಪ್ಪಾಳೆಯೂ ಮುಗಿಯಿತು.

"ಅರೇ ಯಾರ್, ಏಕದಂ ಝಕಾಸ್!" ಎಂದ ಸುಹಾಸ.

"ಇದಕ್ಕೆ ಕೈ ಹಚ್ಚುವುದೇ ಬೇಡ," ಎಂದ ದೇವಾನಂದ. "ಮುಂದಿನದು ಹಾಕು ಮಗಾ."

ಬಚಾವಾದೆ! ನಾಣಿ ಉಸಿರು ಬಿಟ್ಟ. ಬಿಟ್ಟ ಉಸಿರು ಪೂರ್ತಿ ಹೊರಗೆ ಬರುವ ಮೊದಲೇ ಇನ್ನೊಂದು ಹೊಳೆಯಿತು. ಯಾರಿಗೂ ಗೊತ್ತಾಗಲಿಲ್ಲ. ಇಷ್ಟು ವರ್ಷದ ಗೆಳೆಯರು ಕಿವಿಗೊಟ್ಟು ಕೇಳಿದರೂ ತಾನಿಲ್ಲದ್ದು ಗೊತ್ತಾಗಲಿಲ್ಲ. ಹಾಗಾದರೆ ತಾನು ಇದ್ದಾಗಲೂ ಇದ್ದೆನೇ? ಸಿಕ್ಕಿಬೀಳುವ ಭಯವೇ ವಾಸಿಯಿತ್ತು. ಈ ಭಯವನ್ನು ಅವನಿಂದ ತಡೆಯಲಾಗಲಿಲ್ಲ.

"ಸಾಧನಾ," ಎಂದ. "ಆ ಹಾಡಲ್ಲಿ ನಂದೊಂದನ್ನೇ ಹಾಕಮ್ಮ."

ಅವಳು ಹಾಕಿದಳು. ಸ್ಪೀಕರಿನಿಂದ ಏನೂ ಬರಲಿಲ್ಲ. ಪರದೆಯ ಮೇಲೆ ಅವನ ಗೆರೆ ಸಪಾಟಾಗಿ ಓಡುತ್ತಿತ್ತು.

"ಅಯ್ಯೋ, ಕೇಬಲ್ ಲೂಸ್ ಇರಬೇಕು ಅಂಕಲ್! ಮೇರಿ ಗಲ್ತಿ. ನಾನು ಆವತ್ತು ನೋಡಲೇ ಇಲ್ಲ."

ಹೂಂ ಎಂದಿದ್ದರೆ ಮುಗಿದಿತ್ತು. ಹುಡುಗಿ ಪಾಪ, ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡಿದ್ದಳು.

"ಕೇಬಲ್ ಸರಿಯಾಗೇ ಇತ್ತಮ್ಮ. ನಾನೇ ಸೊನ್ನೆಗೆ ಇಳಿಸಿದ್ದೆ. ಬೆರಳು ಬರ್ತಾ ಇಲ್ಲ. ಮೂರು ವರ್ಷದಿಂದ ಜೋರು ಹಾಡುಗಳಲ್ಲಿ ಒಂದನ್ನೂ ನಾನು ನುಡಿಸಿಲ್ಲ."

ದೇವಾನಂದ ಬೈಯುತ್ತಾನೆ, ಬಾಗಿಲು ತೋರಿಸುತ್ತಾನೆ ಎಂದು ನಾಣಿ ಕಾದ. ದೇವಾನಂದ ಸ್ಪೀಕರನ್ನೇ ನೋಡುತ್ತಿದ್ದ. ಅವನ ಮುಖದ ಬಣ್ಣ ಇಳಿದಿತ್ತು.

"ಎಂಥ ಮಾತಾಡ್ತೀಯ ಮಾರಾಯ? ನನಗೆ ಕೇಳಿಸ್ತಿತ್ತಲ್ಲ!" ಎಂದ. "ಪ್ರತಿ ಸಲವೂ ಕೇಳಿಸ್ತಿತ್ತು. ಅದನ್ನು ಹಿಡಿದೇ ನಾನು ಹಾಡ್ತಿದ್ದದ್ದು."

ದೇವಾನಂದ ಕುರ್ಚಿಯನ್ನು ಸ್ಪೀಕರಿನ ಪಕ್ಕಕ್ಕೆ ಎಳೆದುಕೊಂಡು ಕಿವಿ ಹಚ್ಚಿದ.

"ಇನ್ನೊಮ್ಮೆ ಹಾಕು ಮಗಾ," ಎಂದ ಮೆಲ್ಲಗೆ. "ಈಗಲೂ ಕೇಳಿಸ್ತಾ ಉಂಟು."

ನಾಣಿ ಎದ್ದು ಹೋಗಿ ಅವನ ಪಕ್ಕದಲ್ಲಿ ಕೂತ. ನೋಯುವ ಎಡಗೈಯನ್ನು ಅವನ ಭುಜದ ಮೇಲಿಟ್ಟ. ಸ್ಪೀಕರಿನಲ್ಲಿ ಸದ್ದಿರಲಿಲ್ಲ; ಭುಜ ಹೆದರಿಕೆಗೆ ನಡುಗುತ್ತಿತ್ತು.