ಕಮಾನಿನ ಮೇಲಿನ ಎಮ್ಮಟ್

ನಮ್ಮ ಅವ್ವ ಎಮ್ಮಟ್ ಬಾರ್ಲಿ ಬಿಯರು ಮಾಡಿ ಮಾರುತ್ತಿದ್ದಳು. ಬಾಗಿಲ ಮೇಲೆ ಕಸಬರಿಗೆ ಕಟ್ಟಿದಳೆಂದರೆ ಹೊಸ ಬಿಯರು ತಯಾರಾಗಿದೆಯೆಂದು ಊರಿಗೆಲ್ಲ ಗೊತ್ತು. ಅಳತೆಯಲ್ಲಿ ಅವಳದು ಕಟ್ಟುನಿಟ್ಟು. ನೊರೆ ಇಳಿಯುವವರೆಗೂ ಕಾದು, ಹೂಜಿಯ ಕಂಠದವರೆಗೆ ಮತ್ತೆ ತುಂಬಿಸಿಯೇ ಕೊಡುತ್ತಿದ್ದಳು. ಅವಳಿಗಿದ್ದ ಜಂಬ ಅದೊಂದೇ.

ಚರ್ಚಿನಲ್ಲಿ ಬಲಿಪೀಠದ ಮುಂದಿನ ಕಮಾನಿನ ಮೇಲೆ ಯೇಸು ಸತ್ತವರನ್ನು ಸ್ವರ್ಗಕ್ಕೋ ನರಕಕ್ಕೋ ಕಳಿಸುವ ಕೊನೆಯ ತೀರ್ಪಿನ ಚಿತ್ರ ಬರೆಸಲು ಊರು ಹಬ್ಬ ಮಾಡಿ ಹಣ ಕೂಡಿಸಿತು. ಹಬ್ಬಕ್ಕೆ ಬೇಕಾದ ಬಿಯರನ್ನೆಲ್ಲ ಅವ್ವ ಪುಕ್ಕಟೆ ಕೊಟ್ಟಳು. ಚಿತ್ರಗಾರ ಥರ್ಸ್ಟನ್ ನಮ್ಮ ಮನೆಯಲ್ಲೇ ಉಂಡ, ನಮ್ಮ ಅಟ್ಟದಲ್ಲೇ ಮಲಗಿದ.

ಅವನ ಕೆಲಸ ಮುಗಿದ ಮೇಲಿನ ಭಾನುವಾರ ಎಲ್ಲರೂ ತಲೆಯೆತ್ತಿ ನೋಡಿದೆವು. ಯೇಸುವಿನ ಎಡಗೈ ಕಡೆ ನರಕ. ಅಲ್ಲೊಂದು ದೆವ್ವ ಹೆಂಗಸೊಬ್ಬಳನ್ನು ಹೆಗಲ ಮೇಲೆ ಹೊತ್ತೊಯ್ಯುತ್ತಿತ್ತು. ಅವಳ ಕೈಯಲ್ಲಿ ಹೂಜಿ, ತಲೆವಸ್ತ್ರದ ಗಂಟು ಬಲಗಿವಿಯ ಮೇಲೆ, ಗಲ್ಲದಲ್ಲಿ ನರಹುಲಿ. ಅದು ನಮ್ಮ ಅವ್ವ.

"ಇದೇನಪ್ಪ ಮಾಡಿದೆ?" ಎಂದು ಅವ್ವ ಅವನನ್ನು ಕೇಳಿದಳು.

"ಎಲ್ಲಾ ಚರ್ಚಲ್ಲೂ ಅಳತೇಲಿ ಮೋಸ ಮಾಡೋ ಬಿಯರಿನೋಳು ಒಬ್ಳು ಇರ್ತಾಳೆ ಅಕ್ಕ, ಅದು ವಾಡಿಕೆ. ಒಂದು ಮುಖ ಬೇಕಿತ್ತು. ದಿನಾ ನೋಡ್ತಿದ್ದಿದ್ದು ನಿಂದೇ. ಮನಸ್ಸಿಗೆ ಹಚ್ಕೋಬೇಡ."

"ಅಳಿಸು."

"ಪಾದ್ರಿಗಳು ಮಂತ್ರಿಸಿ ಆಯ್ತಲ್ಲ. ಇನ್ನು ಮುಟ್ಟೋ ಹಾಗಿಲ್ಲ."

ಬಣ್ಣದ ಬಟ್ಟಲು ತೊಳೆದುಕೊಂಡು ಹೊರಟೇ ಹೋದ. ಅವನ ಕೈ ಸೇದಿಹೋಗಲಿ ಎಂದು ನಾನು ಇವತ್ತಿಗೂ ಶಪಿಸುತ್ತೇನೆ.

ಮೊದಮೊದಲು ಊರಿಗೆ ಅದು ತಮಾಷೆ. "ಎಮ್ಮಟಕ್ಕ, ಅಲ್ಲಿ ಸೆಕೆ ಜಾಸ್ತೀನಾ?" ಎನ್ನುತ್ತಿದ್ದರು. ಆಮೇಲೆ ತಮ್ಮ ತಮ್ಮ ಅಳತೆಯ ಪಾತ್ರೆಗಳನ್ನೇ ತರತೊಡಗಿದರು. ಅವ್ವ ಮುಂದಿನ ಬೆಂಚು ಬಿಟ್ಟು, ಬಾಗಿಲ ಬಳಿ ದೀಕ್ಷಾಸ್ನಾನದ ಕಲ್ಲುತೊಟ್ಟಿಯ ಹಿಂದೆ ನಿಲ್ಲತೊಡಗಿದಳು. ಅಲ್ಲಿಂದಲೂ ನರಕ ಚೆನ್ನಾಗಿಯೇ ಕಾಣುತ್ತಿತ್ತು. ಆಮೇಲೆ ಹುಟ್ಟಿದ ಮಕ್ಕಳಿಗಂತೂ ಅವಳು ಗೋಡೆಯಿಂದಲೇ ಪರಿಚಯ. ಇಷ್ಟಾದರೂ ಒಂದು ಹೂಜಿಯನ್ನೂ ಅವಳು ಕಡಿಮೆ ತುಂಬಿಸಲಿಲ್ಲ.

ಹೋದ ಚಳಿಗಾಲ ಹಾಸಿಗೆ ಹಿಡಿದಳು. ಊರಿಗೆ ಹೊಸದಾಗಿ ಬಂದಿದ್ದ ಪಾದ್ರಿ ಅವಳ ಕೊನೆಯ ಪಾಪನಿವೇದನೆ ಕೇಳಲು ಬಂದ. ನನ್ನನ್ನು ಅಟ್ಟಕ್ಕೆ ಕಳಿಸಿದ. ಹಲಗೆಯ ಸಂದಿಯಿಂದ ಎಲ್ಲ ಕೇಳಿಸುತ್ತಿತ್ತು.

"ಅಳತೆ ವಿಚಾರ ಹೇಳ್ಲೇ ಇಲ್ಲ ತಾಯಿ."

"ಅದರಲ್ಲಿ ನಾನು ಮೋಸ ಮಾಡಿಲ್ಲ ಸ್ವಾಮಿ."

"ಊರಿಗೇ ಗೊತ್ತಿರೋದನ್ನ ದೇವರ ಹತ್ರ ಮುಚ್ಚಿಟ್ರೆ ಹೇಗೆ? ಒಪ್ಕೊಳ್ದೆ ಕ್ಷಮೆ ಕೊಡೋಕಾಗಲ್ಲ. ಚರ್ಚಿನ ಅಂಗಳದಲ್ಲಿ ಮಣ್ಣೂ ಸಿಗಲ್ಲ."

ಅವ್ವ ಹೊರಳಿದ್ದಕ್ಕೆ ಮಂಚ ಕಿರುಗುಟ್ಟಿತು.

"ಮಾಡಿದೀನಿ ಸ್ವಾಮಿ," ಎಂದಳು. "ಕಮ್ಮಿ ಅಳೆದಿದೀನಿ."

"ಎಷ್ಟು ಸಲ?"

"ಅದನ್ನೂ ನೀವೇ ಹೇಳ್ಬಿಡಿ."