ರೋಲರಪ್ಪ ಕೇಳಿದ ಚಾ

ರೋಣದಲ್ಲಿ ಟೈಪಿಂಗು, ಕಂಪ್ಯೂಟರು ಕಲಿಸುವುದು ನನ್ನ ಕೆಲಸ. ಆದರೆ ಮದುವೆ, ನಿಶ್ಚಯ, ಮಾಸ್ತರರ ಬೀಳ್ಕೊಡುಗೆ ಎಂದು ನನ್ನನ್ನು ಕರೆಯುವವರು ಟೈಪ್ ಮಾಡಿಸಲಿಕ್ಕೆ ಕರೆಯುವುದಿಲ್ಲ. ಮಂದಿಯ ದನಿ ಮಾಡಿಸಲಿಕ್ಕೆ ಕರೆಯುತ್ತಾರೆ. ಅಕ್ಕನ ಗಂಡ ನರಗುಂದದ ಅಡತಿ ಅಂಗಡಿಯಲ್ಲಿ ಕುಳಿತು ಫೋನಿನಲ್ಲಿ ಕಡಲೆಯ ದರ ಕೇಳುವುದನ್ನು ಮಾಡುತ್ತೇನೆ. ಅವ್ವ ದೇವರ ಮುಂದೆ ಕಣ್ಣು ಮುಚ್ಚಿ ಕೈಮುಗಿದಿರುವಾಗಲೇ ಹಾಲು ಉಕ್ಕಿತೆಂದು ಒಳಗೆ ಕೂಗುವುದನ್ನು ಮಾಡುತ್ತೇನೆ. ನನ್ನನ್ನೂ ಬಿಟ್ಟಿಲ್ಲ. ಕನ್ಯೆ ನೋಡಲು ಹೋದಲ್ಲಿ ನಾನು ತೆಗೆಯುವ ಆ ದಪ್ಪ ದನಿ, ತಹಶೀಲ್ದಾರರಿಗೂ ಇಲ್ಲದ ಆ ಗಾಂಭೀರ್ಯ, ಅದಕ್ಕೇ ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ.

"ಇದನ್ನ ಎಲ್ಲಿ ಕಲತ್ರಿ?" ಎಂದು ಯಾರಾದರೂ ಕೇಳಿದರೆ "ದೇವರು ಕೊಟ್ಟದ್ದರಿ" ಎನ್ನುತ್ತಿದ್ದೆ. ಅದು ಸುಳ್ಳು. ನಾನು ಕಲಿತದ್ದು ಒಂದು ಆಟಿಕೆಗೆ ಚಹಾ ಕುಡಿಸಿ.

ಆಗ ನನಗೆ ಏಳು ವರ್ಷ, ಅಕ್ಕನಿಗೆ ಹನ್ನೊಂದು. ಸೊಲ್ಲಾಪುರಕ್ಕೆ ಹೋಗಿದ್ದ ಕಾಕಾ ಹೊಳೆಆಲೂರು ಸ್ಟೇಷನ್ನಿನಲ್ಲಿ ಇಳಿದಾಗ ಅವರ ಒಂದು ಕೈಯಲ್ಲಿ ಚಾದರದ ಗಂಟು, ಇನ್ನೊಂದರಲ್ಲಿ ಒಂದು ಡಬ್ಬಿ. ಡಬ್ಬಿಯಲ್ಲಿ ಕೆಂಪು ಬಣ್ಣದ ರೋಡ್ ರೋಲರ್. ಮಡಚಿದ ಕೈಕಾಲು ಬಿಡಿಸಿದರೆ ಅದು ಎದ್ದು ನಿಂತು ರೋಬೋಟ್ ಆಗುತ್ತಿತ್ತು. ಅದರ ಕಾರ್ಟೂನು ದಿನಾ ಸಂಜೆ ಟಿವಿಯಲ್ಲಿ ಬರುತ್ತಿತ್ತು. ಅಕ್ಕ ಆ ವರ್ಷ ಶಾಲೆಗೆ ಮೊದಲ ನಂಬರು, ಆದ್ದರಿಂದ ರೋಲರ್ ಅವಳಿಗೆ. ನಾನು ಯಾವ ನಂಬರೂ ಅಲ್ಲದ್ದರಿಂದ ನನಗೆ ಚಾದರ.

ಅದರ ಎದೆಯ ಗುಂಡಿ ಒತ್ತಿದರೆ ಒಂದು ಮಾತು ಬರುತ್ತಿತ್ತು. ಒಂದೇ ಮಾತು. ಮನೆಮಂದಿಯೆಲ್ಲ ಸುತ್ತ ಕುಳಿತಾಗ ಅಕ್ಕ ಮೊದಲ ಸಲ ಒತ್ತಿದಳು.

"ಚಾ ಕುಡದೇನ?" ಎಂದಿತು ರೋಬೋಟು.

ಮನೆಗೆ ಬಂದವರನ್ನು ನಾವು ಕೇಳುವ ಮಾತನ್ನು ಅದು ಬಂದದ್ದೇ ನಮ್ಮನ್ನು ಕೇಳಿತ್ತು. ಅವ್ವನಿಗೆ ಭಾರೀ ಖುಷಿ. "ಶಾಣ್ಯಾ ಅದಾನ ನೋಡು. ನಿಮ್ಮ ಕಾಕಾಗ ಇಷ್ಟು ರೀತಿ ಗೊತ್ತಿಲ್ಲ" ಎಂದಳು. ಅವತ್ತಿನಿಂದ ಅದು ರೋಲರಪ್ಪ.

ಎಂಟು ದಿನ ರೋಲರಪ್ಪ ಎಲ್ಲರನ್ನೂ ಚಹಾ ಕುಡಿದಿರಾ ಎಂದು ಕೇಳಿದ. ಒಬ್ಬರೂ ತಿರುಗಿ ಅವನನ್ನು ಕೇಳಲಿಲ್ಲ. ಇದು ನನಗೆ ಸರಿ ಕಾಣಲಿಲ್ಲ. ಒಂಬತ್ತನೆಯ ದಿನ ಅಕ್ಕ ಶಾಲೆಯಲ್ಲಿದ್ದಳು, ನಾನು ಜ್ವರದ ನೆಪದಲ್ಲಿ ಮನೆಯಲ್ಲಿದ್ದೆ. ನನ್ನ ಪಾಲಿನ ಚಹಾ ಬಸಿಗೆ ಸುರಿದು, ಊದಿ ಆರಿಸಿ, ರೋಲರಪ್ಪನನ್ನು ಅಂಗಾತ ಮಲಗಿಸಿದೆ. ಅವನ ಎದೆಯಲ್ಲಿ ಜರಡಿಯಂಥ ತೂತುಗಳಿದ್ದವು. ದನಿ ಅಲ್ಲಿಂದ ಬರುತ್ತದೆ ಎಂದಮೇಲೆ ಬಾಯಿ ಅದೇ ಇರಬೇಕಲ್ಲ? ಪೂರಾ ಬಸಿ ಕುಡಿಸಿದೆ. ಆಮೇಲೆ ಗುಂಡಿ ಒತ್ತಿದೆ.

"ಚಾ ಕುಡ್... ಗುರ್ರ್."

ಅಷ್ಟೇ. ಅವನು ಕೊನೆಯದಾಗಿ ಕೇಳಿದ್ದು ಅರ್ಧ ಪ್ರಶ್ನೆ, ಉತ್ತರ ಅವನ ಹೊಟ್ಟೆಯಲ್ಲೇ ಇತ್ತು.

ಅಕ್ಕ ಬರುವ ಹೊತ್ತಿಗೆ ಅವನನ್ನು ಒರೆಸಿ ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿದ್ದೆ. ನಾನು ಕಿಟಕಿಯ ಹೊರಗೆ, ಸಂದಿಯಲ್ಲಿ, ಹಿತ್ತಾಳೆಯ ತಂಬಿಗೆಯಲ್ಲಿ ಮುಖ ಹುದುಗಿಸಿ ಕುಳಿತಿದ್ದೆ. ಒಳಗೆ ಗುಂಡಿ ಟಕ್ಕೆಂದಿತು. ನಾನು ತಂಬಿಗೆಯೊಳಗೆ, ಮೂಗು ಹಿಡಿದು, "ಚಾ ಕುಡದೇನ?" ಎಂದೆ.

ಅಕ್ಕ "ಹೂಂ, ಕುಡದೆ" ಎಂದಳು. ನಾನು ಬದುಕಿಕೊಂಡೆ.

ಒಂದು ದಿನಕ್ಕೆಂದು ಮಾಡಿದ ಕೆಲಸ ಎರಡು ವರ್ಷ ನಡೆಯಿತು. ನಾನು ಊರಲ್ಲಿ ಅಡ್ಡಾಡಲು ಹೋದಾಗ ರೋಲರಪ್ಪ ಮಾತಾಡುತ್ತಿರಲಿಲ್ಲ. ಅಕ್ಕ ಅದಕ್ಕೂ ಕಾರಣ ಕಂಡುಕೊಂಡಳು: "ಅವಂಗ ಮನಸ ಬಂದ್ರ ಮಾತಾಡ್ತಾನ." ಅವನು ಮಾತಾಡುವಾಗ ನಾನು ಕೋಣೆಯಲ್ಲಿ ಇರುವುದಿಲ್ಲ ಎಂಬುದನ್ನೂ ಗಮನಿಸಿದ್ದಳು. ನಾನು ಅವನಿಗೆ ಹೆದರುತ್ತೇನೆಂದು ಓಣಿಗೆಲ್ಲ ಹೇಳಿಕೊಂಡು ಬಂದಳು. ಶಾಲೆಗೆ ಮೊದಲ ನಂಬರಿನ ಬುದ್ಧಿ!

ಕಷ್ಟದ ಸಂಗತಿಯೆಂದರೆ ಅಕ್ಕ ಅವನಿಗೆ ತನ್ನ ಸುದ್ದಿಯನ್ನೆಲ್ಲ ಹೇಳಲು ಶುರು ಮಾಡಿದಳು. ಗೆಳತಿ ಮಾತು ಬಿಟ್ಟದ್ದು, ಹಾಡಿನ ಸ್ಪರ್ಧೆಯಲ್ಲಿ ದನಿ ಒಡೆದದ್ದು. ಹೇಳಿ ಮುಗಿಸಿ ಗುಂಡಿ ಒತ್ತುವಳು. ನನ್ನ ಹತ್ತಿರ ಇದ್ದದ್ದು ಒಂದೇ ಮಾತು. ಸಿಟ್ಟಿಗೂ ಅದೇ, ಸಮಾಧಾನಕ್ಕೂ ಅದೇ, ಅಚ್ಚರಿಗೂ ಅದೇ. ಹೀಗಾಗಿ ಚಾ ಕುಡದೇನ ಎಂಬುದನ್ನು ಹತ್ತು ಹದಿನೈದು ರೀತಿಯಲ್ಲಿ ಕೇಳಲು ಕಲಿತೆ. ನನ್ನ ವಿದ್ಯೆಯೆಲ್ಲ ಅಷ್ಟೇ, ಉಳಿದದ್ದೆಲ್ಲ ಅದರ ಮೇಲೆ ಕಟ್ಟಿದ್ದು. ಆರನೆಯ ತರಗತಿಯಲ್ಲಿ ಮೊದಲ ನಂಬರಿನವಳು ವಿಜ್ಞಾನದಲ್ಲಿ ನಪಾಸಾಗಿ ಬಂದಳು. ಬಾಗಿಲು ಹಾಕಿಕೊಂಡು ಬಹಳ ಹೊತ್ತು ಅತ್ತಳು, ಯಾರಿಗೂ ತೆಗೆಯಲಿಲ್ಲ. ಆಮೇಲೆ ಟಕ್ ಎಂದಿತು. ನಾನು ಅವತ್ತು ತಂಬಿಗೆಯನ್ನು ಬಾಯಿಂದ ಸ್ವಲ್ಪ ದೂರ ಹಿಡಿದು ಬಹಳ ಮೆತ್ತಗೆ ಕೇಳಿದೆ. ಸ್ವಲ್ಪ ಹೊತ್ತಿಗೆ ಅಕ್ಕ ಬಾಗಿಲು ತೆಗೆದು ಅಡುಗೆಮನೆಗೆ ಹೋಗಿ "ಅವ್ವಾ, ಚಾ ಮಾಡು" ಎಂದಳು.

ಅವಳು ಹೈಸ್ಕೂಲಿಗೆ ಹೋದಮೇಲೆ ರೋಲರಪ್ಪ ಟ್ರಂಕು ಸೇರಿದ. ಅಕ್ಕ ಮದುವೆಯಾಗಿ ನರಗುಂದಕ್ಕೆ ಹೋದಾಗ ಆ ಟ್ರಂಕೂ ಹೋಯಿತು. ಅವಳೀಗ ಅಲ್ಲಿ ರಕ್ತ ಪರೀಕ್ಷೆಯ ಲ್ಯಾಬು ನಡೆಸುತ್ತಾಳೆ. ನನ್ನ ಗುಟ್ಟು ಟ್ರಂಕಿನಲ್ಲಿ ತಣ್ಣಗೆ ಮಲಗಿತ್ತು.

ಹೋದ ವರ್ಷ ಕಂಪನಿಯವರು ಆ ಕಾರ್ಟೂನನ್ನು ಹೊಸದಾಗಿ ಮಾಡಿ, ಆಟಿಕೆಯನ್ನೂ ಹೊಸದಾಗಿ ಬಿಟ್ಟರು. ನಮ್ಮ ಕಡೆ ಒಂದು ವಾಟ್ಸಾಪ್ ಗ್ರೂಪು ಹುಟ್ಟಿತು: ಹಳೇ ರೋಲರ್ ಮಂದಿ. ರೋಣ, ನರಗುಂದ, ಗಜೇಂದ್ರಗಡದ ಸುಮಾರು ಜನ. ಪಿ.ಟಿ. ಮಾಸ್ತರು, ಹಲ್ಲಿನ ಡಾಕ್ಟರು, ಕೊಣ್ಣೂರಿನ ಗೊಬ್ಬರದಂಗಡಿಯವರು, ಮೀಸೆ ಬಂದವರು, ಹೊಟ್ಟೆಯೂ ಬಂದವರು. ಅಕ್ಕನೇ ಅದರ ಅಡ್ಮಿನ್. ಹೊಸ ರೋಲರಿನ ಫೋಟೋ ಬಂದ ದಿನ ಗ್ರೂಪು ಸೂತಕದ ಮನೆ.

"ಇವನ ಹೊಟ್ಟಿ ಎಲ್ಲಿ ಹೋತ್ರಿ? ಜಿಮ್ಮಿಗೆ ಹೋಗಿ ಬಂದಂಗ ಕಾಣ್ತಾನ" ಎಂದರು ಪಿ.ಟಿ. ಮಾಸ್ತರು. ಅವರ ಹೊಟ್ಟೆ ಎಲ್ಲಿಗೂ ಹೋಗಿಲ್ಲ.

"ಕೆಂಪಲ್ಲರಿ ಇದು, ಕೇಸರಿ" ಎಂದರು ಡಾಕ್ಟರು.

"ಗಾಲಿ ನೋಡ್ರಿ, ನಮ್ಮ ಕೊಣ್ಣೂರ ರಸ್ತೆದಾಗ ಒಂದ ದಿನ ತಾಳೂದಿಲ್ಲ" ಎಂದರು ಗೊಬ್ಬರದವರು.

ನಾನು ಮೂವರ ದನಿಯಲ್ಲೂ ವಾಯ್ಸ್ ಮೆಸೇಜು ಮಾಡಿ ಹಾಕಿ ಬೈಸಿಕೊಂಡೆ. ನಿಜವಾದ ಜಗಳ ಹತ್ತಿದ್ದು ಅಕ್ಕ ಮಗಳಿಗೆಂದು ಹೊಸ ರೋಲರ್ ತರಿಸಿ, ಗುಂಡಿ ಒತ್ತಿ, ವಿಡಿಯೋ ಹಾಕಿದಾಗ. ಹೊಸ ರೋಲರು ಸ್ವಚ್ಛ ಇಂಗ್ಲಿಷಿನಲ್ಲಿ, ಬ್ಯಾಂಕಿನ ಫೋನಿನಲ್ಲಿ ಮಾತಾಡುವವರ ದನಿಯಲ್ಲಿ, "ಚಾರ್ಜ್, ಗಾರ್ಡಿಯನ್!" ಎಂದಿತು.

ಗ್ರೂಪಿನವರೆಲ್ಲ ವಿಡಿಯೋ ಮತ್ತೆ ಮತ್ತೆ ಹಾಕಿ ಕೇಳಿದರು. ಆಮೇಲೆ ಡಾಕ್ಟರು ಬರೆದರು: "ಅಂದ್ರ ಅವ ಇಂಗ್ಲಿಷನಂವ ಏನ್ರಿ?"

"ಹಳೇದು ಹಿಂಗ ಅಂತಿದ್ದಿಲ್ಲ. ಚಾ ಕುಡದೇನ ಅಂತಿತ್ತು" ಎಂದಳು ಅಕ್ಕ.

ಗಜೇಂದ್ರಗಡದವರು ಎದ್ದರು: "ಏನ್ ಹೇಳ್ತೀರಿ ಅಕ್ಕಾರ? ಅದು ಜಾಗಾ ಕೊಡ್ರೆಣ್ಣ ಅಂತಿತ್ತು. ರೋಲರ್ ಅದು, ರಸ್ತೆದಾಗ ಮತ್ತೇನ ಕೇಳ್ತೈತಿ?"

ಎರಡು ದಿನ ಹೊಡೆದಾಡಿದರು. ಕೊನೆಗೆ ಅಕ್ಕ ಘೋಷಿಸಿದಳು: "ನನ್ನ ಹಳೇ ರೋಲರಪ್ಪ ನನ್ನ ಹತ್ರ ಅದಾನ. ದನಿ ಹೋಗೇತಿ. ರಿಪೇರಿ ಮಾಡಿಸಿ ಇಲ್ಲೇ ಕೇಳಸ್ತೀನಿ."

ಬಿಚ್ಚಿದವರಿಗೆ ಒಳಗೆ ಏನು ಸಿಗುತ್ತದೆಂದು ನನಗೊಬ್ಬನಿಗೇ ಗೊತ್ತು. ಕೂಡಲೇ ಫೋನು ಮಾಡಿ, ಕನ್ಯೆ ನೋಡುವ ದಪ್ಪ ದನಿಯಲ್ಲಿ, "ಅಕ್ಕಾ, ಗಜೇಂದ್ರಗಡದಾಗ ಚಲೋ ರಿಪೇರಿ ಮಾಡೂ ಹಿರಿಯರೊಬ್ರು ಅದಾರ. ನಾನ ಒಯ್ತೀನಿ" ಎಂದೆ.

"ನಿನಗ ಯಾಕ ಇಷ್ಟ ಕಾಳಜಿ?"

"ರೋಲರಪ್ಪ ನನಗೂ ಬೇಕಾದವನ ಅಲ್ಲೇನ?"

"ಹೆದರ್ತಿದ್ದಿ ಅವಂಗ."

"ಈಗ ಧೈರ್ಯ ಬಂದೈತಿ."

ಗಜೇಂದ್ರಗಡದ ಆ ಹಿರಿಯರ ಅಡ್ಡಹೆಸರು ಮುಶಿಗೇರಿ. ರೇಡಿಯೋ ಇದ್ದ ಕಾಲದಿಂದ ರಿಪೇರಿ ಮಾಡುತ್ತ ಬಂದವರು, ಈಗ ಮಿಕ್ಸರು, ಟಾರ್ಚು ಮಾಡುತ್ತಾರೆ. ಕನ್ನಡಕ ಹಣೆಗೇರಿಸಿ ನಾಲ್ಕು ಸ್ಕ್ರೂ ತೆಗೆದರು. ಒಳಗೆ ಬೆಲ್ಲದಂತೆ ಕಪ್ಪಗೆ ಅಂಟಿದ್ದು, ಅದರಲ್ಲಿ ಸತ್ತ ಇರುವೆಗಳು. ಮೂಸಿ ನೋಡಿ ನನ್ನ ಕಡೆ ತಿರುಗಿದರು.

"ಎಷ್ಟ ಚಮಚಾ ಸಕ್ರಿ ಹಾಕಿದ್ರಿ?"

"ಎರಡರಿ" ಎಂದೆ. ಎಲ್ಲಿ ಸಿಕ್ಕಿಬಿದ್ದೆನೆಂದು ಆಮೇಲೆ ಗೊತ್ತಾಯಿತು.

ಅವರು ನಗಲಿಲ್ಲ. "ಚಾಕ್ಕ ಶುಂಠಿ ಹಾಕಿದ್ರ ಇರವಿ ಬರ್ತಿದ್ದಿಲ್ಲ" ಎಂದಷ್ಟೇ ಹೇಳಿ ಬ್ರಷ್ಷಿನಿಂದ ತಿಕ್ಕಿ ತೊಳೆದರು, ಸ್ಪೀಕರು ಬದಲಿಸಿದರು. ನನಗೆ ಜೀವ ಹಗುರಾಯಿತು. ಕೊಳೆ ಹೋಯಿತು, ಗುಟ್ಟಿನ ಸಾಕ್ಷಿಯೂ ಹೋಯಿತು. ಅವರು ಗುಂಡಿ ಒತ್ತಿದರು.

ಇಷ್ಟು ವರ್ಷದ ಮೇಲೆ ರೋಲರಪ್ಪ ಬಾಯಿ ಬಿಟ್ಟ. ಸಣ್ಣ, ಅವಸರದ, ಸ್ವಲ್ಪ ಕರ್ಕಶ ದನಿ. ಚಾಜ್ ಗಾಡ್ಯೇನ್. ಕೇಳುವ ಮನಸ್ಸಿದ್ದರೆ ಚಹಾ ಕೇಳುತ್ತದೆ, ಇಲ್ಲದಿದ್ದರೆ ಜಾಗ ಕೇಳುತ್ತದೆ. ನಾನು ಅದನ್ನು ನರಗುಂದಕ್ಕೆ ಒಯ್ದೆ.

ಅಕ್ಕ ಗ್ರೂಪಿಗೆ ಹಾಕಲು ಮಗಳ ಕೈಗೆ ಫೋನು ಕೊಟ್ಟು ನಿಲ್ಲಿಸಿದಳು. ಅಕ್ಕನ ಗಂಡ, ನಮ್ಮ ಮಾವ, ಅಂಗಡಿಯಿಂದ ಊಟಕ್ಕೆ ಬಂದವರು ತಟ್ಟೆ ಹಿಡಿದೇ ಬಂದು ನಿಂತರು. ಅಕ್ಕ ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಮೂರನೆಯ ಸಲ ಒತ್ತಿ, "ಇದಲ್ಲ" ಎಂದಳು.

"ಅಕ್ಕಾ, ಅದ ಐತಿ..."

"ಇದಲ್ಲೋ! ಅವನ ದನಿ ನನಗ ಗೊತ್ತಿಲ್ಲೇನು? ಅದು ತುಂಬಿದ ದನಿ, ಕೊಡದಾಗಿಂದ ಬಂದಂಗ. ಕೇಳೂದರಾಗ ಒಂದ ಮಾಯಾ-ಮಮತಾ ಇತ್ತು. ಇದನ್ನ ಬದಲಿ ಮಾಡ್ಯಾನ ಆ ಮುದುಕ. ಒಳಗಿಂದು ತಾ ಇಟ್ಟಗೊಂಡು ಯಾವುದೋ ಹಾಕಿ ಕೊಟ್ಟಾನ."

"ಅವ್ರು ಹಂಗ ಮಾಡೂ ಮಂದಿ ಅಲ್ಲಕ್ಕಾ."

"ನೀ ಸುಮ್ನಿರು. ನಾಳೆ ಲ್ಯಾಬ್ ಬಂದ್ ಇಟ್ಟು ನಾನ ಹೋಗಿ ಕೇಳ್ತೀನಿ. ಈಗ ಗ್ರೂಪಿನಾಗ ಹಾಕ್ತೀನಿ, ಗಜೇಂದ್ರಗಡದವರಿಗೆ ಗೊತ್ತಾಗ್ಲಿ." ಮಗಳ ಕೈಯಿಂದ ಫೋನು ತಗೊಂಡು ಬರೆಯಲು ಶುರು ಮಾಡಿದಳು.

ನಾನು ಸುಮ್ಮನಿದ್ದಿದ್ದರೆ ನನಗೇನೂ ಆಗುತ್ತಿರಲಿಲ್ಲ. ಅಕ್ಕನ ರೋಲರಪ್ಪನೂ ಅವಳಿಗೆ ಉಳಿಯುತ್ತಿದ್ದ, ಕಳವಾದವನಾಗಿ. ಆದರೆ ಚಹಾದ ಇರುವೆಗಳನ್ನು ತೊಳೆದು, ಯಾರಿಗೂ ಹೇಳದೆ ಕಳಿಸಿದ್ದ ಆ ಹಿರಿಯರು ಕಳ್ಳರಾಗುತ್ತಿದ್ದರು. ದೇವರ ಜಗುಲಿಯ ಕೆಳಗೆ ತಾಮ್ರದ ತಂಬಿಗೆ ಕಂಡಿತು. ನೀರು ಚೆಲ್ಲಿ ಮುಖಕ್ಕೆ ಹಿಡಿದೆ. ಮೂಗು ಮುಚ್ಚಿಕೊಂಡು, ತಂಬಿಗೆಯನ್ನು ಸ್ವಲ್ಪ ದೂರ ಸರಿಸಿ, ಮೆತ್ತಗೆ ಕೇಳಿದೆ.

"ಚಾ ಕುಡದೇನ?"

ಅಕ್ಕನ ಬೆರಳು ಫೋನಿನ ಮೇಲೆ ನಿಂತಿತು. ಅಕ್ಕನ ಮಗಳು ಕಿಲಕಿಲ ನಕ್ಕು "ಮಾಮಾಗ ನೆಗಡಿ ಆಗೇತಿ" ಎಂದಳು. ಮಾವನೂ ನಕ್ಕರು. ಅಕ್ಕ ನಗಲಿಲ್ಲ. ನಾನು ಬಸಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ.

"ಎಷ್ಟ ದಿನ?" ಎಂದಳು.

"ಎರಡ ವರ್ಷ."

"ಸೈನ್ಸಿನ್ಯಾಗ ನಪಾಸಾದಾಗ ಕೇಳಿದ್ದು?"

"ಹೂಂ."

"ನಾ ಹೇಳಿದ್ದೆಲ್ಲಾ ಕೇಳಿಸ್ಕೊಂಡಿ?"

"ಕೇಳಿಸ್ಕೊಂಡೆ. ಯಾರಿಗೂ ಹೇಳಿಲ್ಲ."

"ಊರ ಮಂದಿದೆಲ್ಲಾ ದನಿ ಮಾಡಿ ನಗಸ್ತಿ. ನಂದೂ ಮಾಡಿಯೇನು?"

"ನಿಂದೊಂದ ಮಾಡಿಲ್ಲಕ್ಕಾ." ಇದು ಖರೇ. ಈ ಮಾತು ಬಾಯಿಂದ ಬರುವ ತನಕ ನನಗೂ ಹೊಳೆದಿರಲಿಲ್ಲ.

ಅವಳು ಬರೆದದ್ದನ್ನು ಅಳಿಸಿದಳು. ರೋಲರಪ್ಪನ ಕೈಕಾಲು ಮಡಚಿ, ರೋಲರ್ ಮಾಡಿ, ಕಪಾಟಿನಲ್ಲಿಟ್ಟು ಬಾಗಿಲು ಹಾಕಿ ಒಳಗೆ ಹೋದಳು. ನಾನು ಬಹಳ ಹೊತ್ತು ಕುಳಿತೆ. ಮಾವ ಊಟ ಮುಗಿಸಿ ಕೈತೊಳೆದು ಅಂಗಡಿಗೆ ಹೋದರು. ಹೊರಡುತ್ತೇನೆಂದು ಕೂಗಿದೆ. "ಹೂಂ" ಎಂದಿತು ಒಳಗಿನಿಂದ. ಅಕ್ಕನ ಮನೆಯಿಂದ ನಾನು ಚಹಾ ಕುಡಿಯದೆ ಹೊರಬಿದ್ದದ್ದು ಅದೇ ಮೊದಲು. ಕುಡಿಯದ್ದು ಇರಲಿ, ಕುಡಿಯುತ್ತೀಯಾ ಎಂದು ಕೇಳಲೂ ಇಲ್ಲ. ನಮ್ಮ ಕಡೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ವೈರಿಗೂ ಒಂದು ಮಾತು ಕೇಳುತ್ತಾರೆ.

ಒಂಬತ್ತು ದಿನ ಫೋನಿಲ್ಲ. ಗ್ರೂಪಿನಲ್ಲಿ ಜನ ಕೇಳಿದರು: "ಅಕ್ಕಾರ, ಹಳೇದು ಏನಂತು?" ಅಕ್ಕ ಉತ್ತರಿಸಲಿಲ್ಲ. ಗಜೇಂದ್ರಗಡದವರು ತಾವು ಗೆದ್ದೆವೆಂದು ತಿಳಿದು ಮೂರು ಹೊತ್ತೂ "ಜಾಗಾ ಕೊಡ್ರೆಣ್ಣ" ಎಂದು ಬರೆದರು. ನಾನು ಯಾರ ದನಿಯನ್ನೂ ಮಾಡಲಿಲ್ಲ. ನನ್ನ ಕ್ಲಾಸಿನ ಹುಡುಗಿಯರು "ಸರ್, ಅರಾಮ ಇಲ್ಲೇನ್ರಿ?" ಎಂದರು.

ಹತ್ತನೆಯ ದಿನ ಮಧ್ಯಾಹ್ನ ಅಕ್ಕನಿಂದ ಒಂದು ವಾಯ್ಸ್ ಮೆಸೇಜು ಬಂತು. ಗ್ರೂಪಿಗಲ್ಲ, ನನಗೆ. ಮೊದಲು ತಂಬಿಗೆಯೋ ಏನೋ ನೆಲಕ್ಕೆ ತಾಗಿದ ಸದ್ದು. ಹಿಂದೆ ಅವಳ ಮಗಳ ನಗು. ಆಮೇಲೆ ಅಕ್ಕನ ದನಿ:

"ಚಾ ಕುಡದೇನ?"

ಮೂಗು ಸರಿಯಾಗಿ ಮುಚ್ಚಿಲ್ಲ. ತಂಬಿಗೆ ಬಾಯಿಗೆ ತೀರಾ ಹತ್ತಿರ ಹಿಡಿದದ್ದರಿಂದ ಉಸಿರೇ ಹೆಚ್ಚು ಕೇಳುತ್ತದೆ. ಕೊನೆಯ ಅಕ್ಷರವನ್ನು ಇಳಿಸಬೇಕಾದಲ್ಲಿ ಏರಿಸಿದ್ದಾಳೆ, ರಕ್ತ ಕೊಡಲು ಬಂದವರನ್ನು ಊಟ ಮಾಡಿದ್ದೀರಾ ಎಂದು ಕೇಳುವ ಹಾಗೆ. ನಾನು ಕೇಳಿದ ರೋಲರಪ್ಪಗಳಲ್ಲಿ ಇಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಕಂಪನಿಯ ಹೊಸದೇ ವಾಸಿ.

"ಇಲ್ಲಕ್ಕಾ, ಇನ್ನೂ ಕುಡದಿಲ್ಲ" ಎಂದು ಬರೆದು, ಕ್ಲಾಸು ಬಿಟ್ಟು, ನರಗುಂದದ ಬಸ್ಸು ಹತ್ತಿದೆ.